ಸರ್, ಒಮ್ಮೆ ಕೈ ತಟ್ತೀರಾ?

ಫೋಟೋ ನಿನ್ನೆ ವಾಟ್ಸಾಪಿಗೆ ಬಂತು. ಕಾಸರಗೋಡಿನ ಕುಂಬಳೆ ಅಳಿವೆಯ ಮೇಲೆ ಕಡಲಕ್ಕಿಗಳ ದೊಡ್ಡ ಹಿಂಡು, ಎಲ್ಲದರ ರೆಕ್ಕೆಯೂ ಬಿಚ್ಚಿದೆ. ಕೆಳಗೆ ಹೆಸರು: 'ಸ್ವಾತಂತ್ರ್ಯ'. ಮೊದಲು ನಗು ಬಂತು, ಆಮೇಲೆ ಸಿಟ್ಟು. ಆ ಹಿಂಡು ಏಳುವಾಗ ನಾನು ಅಲ್ಲೇ ಇದ್ದೆ.

ಭಾನುವಾರ ಬೆಳಗ್ಗೆ ಇಳಿತದ ಹೊತ್ತು. ಶಿರಿಯಾ ಹೊಳೆ ಕಡಲು ಸೇರುವಲ್ಲಿ ಕೆಸರು ದಿಬ್ಬ ಮೇಲೆದ್ದಿತ್ತು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬದಿಯಲ್ಲಿ ಒಬ್ಬರು ಅಕ್ಕ ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಿದ್ದರು. ದಿಬ್ಬದ ತುದಿಯಲ್ಲಿ ಕಂದುತಲೆ ಕಡಲಕ್ಕಿಗಳು. ಮಾರ್ಚ್ ಅಲ್ವಾ, ಚಳಿಗಾಲವಿಡೀ ಕಿವಿಯ ಹಿಂದೆ ಬರೀ ಕಪ್ಪು ಮಚ್ಚೆ ಇದ್ದವುಗಳ ತಲೆಗೆ ಈಗ ಬಣ್ಣ ಏರುತ್ತಿತ್ತು. ಒಂದಕ್ಕೆ ಪೂರ್ತಿ ಕಂದು. ಪಕ್ಕದ್ದಕ್ಕೆ ಅರ್ಧಂಬರ್ಧ, ಡೈ ಹಚ್ಚುತ್ತಿದ್ದವರು ಫೋನ್ ಬಂತೆಂದು ಎದ್ದು ಹೋದ ಹಾಗೆ. ಬಿಳಿಚು ಕಣ್ಣು, ಕೆಂಪು ಕಾಲು. ಅದರ ಫೋಟೋವನ್ನೇ ತೆಗೆಯುತ್ತಾ ಕೂತಿದ್ದೆ.

ಆಗ ಬಂದ ಹುಡುಗ. ತೋಳುದ್ದದ ಲೆನ್ಸ್. ಒಳ್ಳೆಯ ಹುಡುಗನೇ, ಹಕ್ಕಿಗಳ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ರೆಕ್ಕೆಯ ಕಪ್ಪು ತುದಿಯ ಬಿಳಿ ಚುಕ್ಕೆ ಕಂದುತಲೆಯದ್ದರ ಒಂದು ಗುರುತು, ಕೂತಾಗ ಅದು ಸರಿ ಕಾಣುವುದಿಲ್ಲ ಎಂದು ವಿವರಿಸಿದ. ಆಮೇಲೆ ಸಲೀಸಾಗಿ ಕೇಳಿದ: "ಸರ್, ಒಮ್ಮೆ ಕೈ ತಟ್ತೀರಾ? ನಾನು ರೆಡಿ."

ನನಗೆ ಮಾತೇ ಹೊರಡಲಿಲ್ಲ. ಅವನು ಅಕ್ಕನ ಕಡೆ ತಿರುಗಿದ. ಅವರು ತಲೆ ಎತ್ತದೆ, "ಕೈ ತುಂಬ ಕೆಸರು ಮಗಾ, ನೀನೇ ತಟ್ಟಿಕೋ" ಎಂದರು.

ಅವನ ಎರಡೂ ಕೈ ಲೆನ್ಸಿಗೆ ಬೇಕು. ಕಾಲಬುಡದ ಮರುವಾಯಿ ಚಿಪ್ಪೊಂದನ್ನು ಎಸೆದು, ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿದ. ಕಡಲಕ್ಕಿಗಳು ಎದ್ದವು. ಜೊತೆಗೆ ಪಾಪ, ಓಡಿ, ನಿಂತು, ಹೆಕ್ಕಿ, ಮತ್ತೆ ಓಡುತ್ತಿದ್ದ ಪುಟ್ಟ ಪ್ಲವರ್ ಹಕ್ಕಿಗಳೂ ಎದ್ದವು. ಅವನ್ನು ಯಾರೂ ಕೇಳಿರಲಿಲ್ಲ. ದಿನಕ್ಕೆ ಎರಡೇ ಸಲ ನೀರು ಇಳಿಯುವುದು, ಅಷ್ಟರಲ್ಲೇ ಹೊಟ್ಟೆ ತುಂಬಬೇಕು. ಕಡಲಕ್ಕಿಗಳಿಗಂತೂ ಇನ್ನು ಹಿಮಾಲಯ ದಾಟಿ ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ಹೋಗಿ ಮರಿ ಮಾಡುವ ಕೆಲಸ ಇದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಖರ್ಚು. ಅದರಲ್ಲಿ ಸ್ವಲ್ಪ ಈ ಫೋಟೋಗೆ ಹೋಯಿತು.

ಇಲ್ಲೇ ಹತ್ತಿರದ ಅನಂತಪುರ ದೇವಸ್ಥಾನದಲ್ಲಿ, 2022ರಲ್ಲಿ ತೀರಿಹೋದ ಬಬಿಯಾ ಮೊಸಳೆಯನ್ನು ನೋಡಲು ಜನ ಕೆರೆದಂಡೆಯಲ್ಲಿ ಸುಮ್ನೆ ಕಾಯುತ್ತಿದ್ದರು. ಕಂಡರೆ ಕಂಡಿತು, ಇಲ್ಲದಿದ್ದರೆ ಕೈಮುಗಿದು ಹೊರಟರು. ದೇವರ ಮೊಸಳೆ, ಯಾರು ಚಿಪ್ಪು ಎಸೆಯುತ್ತಾರೆ? ಕಡಲಕ್ಕಿಯ ಹಿಂದೆ ಯಾವ ದೇವರೂ ಇಲ್ಲ.

ಹುಡುಗನೊಬ್ಬನನ್ನೇ ಬೈದು ಏನು ಫಲ? ಕೂತ ಹಕ್ಕಿಗೆ ಯಾರೂ 'ವಾವ್' ಅನ್ನುವುದಿಲ್ಲ. ನನ್ನ ಅರ್ಧ ಬಣ್ಣದ ತಲೆಯ ಚಿತ್ರವನ್ನು ಅದೇ ಗ್ರೂಪಿಗೆ ಹಾಕಿದೆ. ಒಬ್ಬರು 'ಶುಭೋದಯ' ಎಂದು ಉತ್ತರಿಸಿದರು.

'ಸ್ವಾತಂತ್ರ್ಯ'ವನ್ನು ದೊಡ್ಡದು ಮಾಡಿ ನೋಡಿದೆ. ಬಿಳಿ ಚುಕ್ಕೆ ಚೆನ್ನಾಗಿ ಬಂದಿದೆ, ಸುಳ್ಳು ಹೇಳಬಾರದು. ಆದರೆ ಒಂದು ಹಕ್ಕಿಯ ಮುಖವೂ ಕಾಣುವುದಿಲ್ಲ. ತಾನಾಗಿ ಹಾರಿ ಬರುವ ಹಕ್ಕಿ ಎದುರಿನಿಂದಲೂ ಬರುತ್ತದೆ, ಓಡಿಸಿದ್ದು ಬೆನ್ನು ತೋರಿಸುತ್ತದೆ. ಈಗ ಎಲ್ಲಿ ಹಿಂಡಿನ ಫೋಟೋ ಕಂಡರೂ ಅದನ್ನೇ ಹುಡುಕುವ ಚಟ ಹಿಡಿದಿದೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಒಂದು ಹಿಂಡಿದೆ. ಬರೀ ಬಾಲಗಳು.