ಆಸ್ಪತ್ರೆಯ ಚೀಲ, ಎರಡನೇ ಸಲ

ನೀರ್ಚಾಲು, ಕಾಸರಗೋಡು
2024 ಜುಲೈ 14, ಭಾನುವಾರ

ಬೆಳಿಗ್ಗೆಯಿಂದ ಇಸ್ತ್ರಿಪೆಟ್ಟಿಗೆ ತಣ್ಣಗಾಗಿಲ್ಲ. ಮಳೆಯೂ ಬಿಟ್ಟಿಲ್ಲ. ಮಗುವಿಗೆಂದು ಒಗೆದ ಬಟ್ಟೆ ಮೂರು ದಿನದಿಂದ ಚಾವಡಿಯ ಹಗ್ಗದಲ್ಲಿ ತೂಗುತ್ತಿದೆ. ಮುಟ್ಟಿದರೆ ಇನ್ನೂ ತಣ್ಣಗೆ. ಅಮ್ಮ ನಿನ್ನೆ ಅರ್ಧದಷ್ಟನ್ನು ಬಚ್ಚಲ ಒಲೆಯ ಮೇಲೆ ಹರವಿದ್ದಳು. ಒಣಗಿದ್ದೇನೋ ಹೌದು, ಆದರೆ ಪೂರ್ತಿ ಹೊಗೆ ವಾಸನೆ. "ನೀನು ಹೊಗೆ ವಾಸನೆಯ ಬಟ್ಟೆಯಲ್ಲೇ ಬೆಳೆದದ್ದು, ನಿನಗೆ ಎಂತ ಆಯಿತು?" ಅಂದಳು. ಏನೂ ಆಗಿಲ್ಲ, ಸರಿ. ಆದರೂ ಮತ್ತೆ ಒಗೆದೆ. ಈಗ ಒಂದೊಂದನ್ನೇ ಇಸ್ತ್ರಿ ಹಾಕಿ ಒಣಗಿಸುತ್ತಿದ್ದೇನೆ.

ಬಟ್ಟೆ ಅಂದರೆ ಅಪ್ಪನ ಹಳೇ ಮುಂಡು. ಒಗೆದೂ ಒಗೆದೂ ಬೆಣ್ಣೆಯಂತಾಗಿದೆ. ಅಂಚು ಕಿತ್ತು ಮೊಳದಗಲದ ಚೌಕಗಳಾಗಿ ಹರಿದಿದ್ದೇವೆ. ಕತ್ತರಿ ಹಾಕಬಾರದಂತೆ, ಹರಿದರೆ ನೂಲಿನ ಗೆರೆ ಹಿಡಿದು ನೇರ ಹೋಗುತ್ತದೆ ಅಂತ ಅಮ್ಮನ ಲೆಕ್ಕ. ಒದ್ದೆ ಚೌಕದ ಮೇಲೆ ಇಸ್ತ್ರಿ ಇಟ್ಟಾಗ ಸುಂಯ್ ಅಂತ ಹಬೆ ಏಳುತ್ತದೆ. ತಿರುವಿ ಹಾಕಿ ಇನ್ನೊಂದು ಸಲ ಎಳೆದರೆ ಹಪ್ಪಳದ ಹಾಗೆ ಗರಿಗರಿ. ಇಪ್ಪತ್ತು ಆದವು. ಮಳೆಗಾಲದ ಹೆರಿಗೆಗೆ ಇಪ್ಪತ್ತು ಸಾಲದು, ಮೂವತ್ತಾದರೂ ಬೇಕು. ಆಸ್ಪತ್ರೆಯಲ್ಲಿ ಒಗೆದರೂ ಒಣಗಿಸಲು ಜಾಗ ಎಲ್ಲಿದೆ?

ನನಗೆ ಈಗ 36 ವಾರ, 5 ದಿನ. ಡಾಕ್ಟರ್ ಕೊಟ್ಟ ತಾರೀಕು ಆಗಸ್ಟ್ 6. ನಾಡಿದ್ದಿಗೆ 37 ತುಂಬುತ್ತದೆ, ಆಮೇಲೆ ಯಾವಾಗ ಬೇಕಾದರೂ ಆಗಬಹುದು. ಈ ವಾರ ತುಳುವಿನ ಆಟಿ ತಿಂಗಳೂ ಶುರು. ಎಲ್ಲರೂ ಹೊಸ ಮದುಮಗಳನ್ನು ಆಟಿಗೆ ತವರಿಗೆ ಕರೆದರೆ, ನಮ್ಮ ಮನೆಯಲ್ಲಿ ಹಳೇ ಮಗಳು, ಅವಳ ನಾಲ್ಕು ವರ್ಷದ ಮಗಳು, ಹೊಟ್ಟೆಯಲ್ಲೊಂದು. ಎರಡನೇ ಹೆರಿಗೆಗೆ ತವರಿಗೆ ಬರುವುದು ಕ್ರಮ ಅಲ್ಲ ಅಂತ ಒಬ್ಬಿಬ್ಬರು ಅಂದರು. ಬೆಂಗಳೂರಿನ ಫ್ಲಾಟಿನಲ್ಲಿ ನನ್ನನ್ನು ನೋಡಿಕೊಳ್ಳಲು ಅವರು ಬರುವುದಾದರೆ ಕ್ರಮದ ಮಾತು ಆಡೋಣ.

ಚೀಲದ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ನನ್ನಷ್ಟು ಚೆನ್ನಾಗಿ ಯಾರೂ ಚೀಲ ತುಂಬಿರಲಿಕ್ಕಿಲ್ಲ. ಅದು 2020ರ ಏಪ್ರಿಲ್. ತೋರಿಸಿದ್ದು ಮಂಗಳೂರಿನಲ್ಲಿ, ಹೆರಿಗೆಯೂ ಅಲ್ಲೇ ಅಂತ ಗಟ್ಟಿಯಾಗಿತ್ತು. ನಮ್ಮ ಕಡೆಯವರಿಗೆ ಆಸ್ಪತ್ರೆ ಅಂದರೆ ಮಂಗಳೂರೇ ಅಲ್ವಾ. ಅಷ್ಟರಲ್ಲಿ ಕೊರೋನಾ ಬಂತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಗಡಿಯ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಿ, ಕೊನೆಗೆ ತುರ್ತು ರೋಗಿಗಳನ್ನು ಕಾಗದಪತ್ರ ನೋಡಿ ಬಿಡುತ್ತಾರೆ ಅಂತಾಯಿತು. ಆದರೆ ನೋವು ತಿನ್ನುತ್ತಾ ಗಡಿಯಲ್ಲಿ ನಿಂತು ಕಾಗದ ತೋರಿಸುವ ಧೈರ್ಯ ನನಗಿರಲಿಲ್ಲ. ಇಲ್ಲಿಂದ ಸ್ವಲ್ಪ ದೂರದ ಉಕ್ಕಿನಡ್ಕದಲ್ಲಿ, ವರ್ಷಗಟ್ಟಲೆ ಕಟ್ಟುತ್ತಲೇ ಇದ್ದ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲ್ 6ಕ್ಕೆ ಕೋವಿಡ್ ಆಸ್ಪತ್ರೆಯಾಗಿತ್ತು. ಊರೇ ಹೆದರಿ ಕೂತಿತ್ತು. ಕೊನೆಗೆ ಗಡಿಯ ಈಚೆಗೇ ಒಂದು ಆಸ್ಪತ್ರೆಗೆ ಹೋದೆವು. ಅಣ್ಣ ಕಾರು ಬಿಟ್ಟ. ಜೊತೆಗೆ ಅಮ್ಮ. ಇವರು ಬೆಂಗಳೂರಿನಲ್ಲಿ ಬಾಕಿ. ಇವರು ಮಗಳನ್ನು ಕೈಯಲ್ಲಿ ಎತ್ತಿಕೊಳ್ಳುವಾಗ ಅವಳಿಗೆ 48 ದಿನ.

ಆ ಚೀಲ ಹೇಗಿತ್ತು ಅಂದರೆ, ಬಟ್ಟೆಗಳನ್ನು ಸುರುಳಿ ಸುತ್ತಿ, ಒಂದರೊಳಗೊಂದು ಸೇರಿಸಿ, ಎಳ್ಳಷ್ಟು ಜಾಗ ಬಿಡದೆ ತುಂಬಿದ್ದೆ. ಯಾವುದು ಎಲ್ಲಿದೆ ಅಂತ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿತ್ತು. ನಾನಿದ್ದದ್ದು ಲೇಬರ್ ರೂಮಿನ ಒಳಗೆ, ಚೀಲ ಇದ್ದದ್ದು ಹೊರಗೆ, ಅಮ್ಮನ ಕಾಲಬುಡದಲ್ಲಿ.

ಬಾಗಿಲು ಅರ್ಧ ತೆರೆದು ನರ್ಸ್ ಮಾಸ್ಕಿನೊಳಗಿಂದ ಮಲಯಾಳದಲ್ಲಿ ಒಂದೊಂದೇ ಕೇಳಿದ್ದಾರೆ. ಅಮ್ಮ ಪುತ್ತೂರು ಕಡೆಯವಳು. ಇಲ್ಲಿಗೆ ಬಂದು ಮೂವತ್ತು ವರ್ಷ ಕಳೆದರೂ ಅವಳದ್ದು ಮೀನು, ತರಕಾರಿ, ಬಸ್ಸಿಗೆ ಸಾಕಾಗುವಷ್ಟೇ ಮಲಯಾಳ. 'ತುಣಿ' ಅಂದರೆ ಬಟ್ಟೆ, ಗೊತ್ತು. 'ತೊಪ್ಪಿ' ಗೊತ್ತಾಯಿತು. ಆಮೇಲೆ 'ಪಞ್ಞಿ' ಅಂದರಂತೆ. ಹತ್ತಿ. ಅಮ್ಮನ ಕಿವಿಗೆ ಬಿದ್ದದ್ದು 'ಪಂಜಿ'. ತುಳುವಿನಲ್ಲಿ ಹಂದಿ. ಹೆರಿಗೆ ಕೋಣೆಗೆ ಹಂದಿ ಯಾಕೆ ಅಂತ ಅವಳು ತಬ್ಬಿಬ್ಬಾಗಿ ನಿಂತಳು, ನರ್ಸ್ "ವೇಗಂ, ವೇಗಂ" ಅನ್ನುತ್ತಿದ್ದಾರೆ. ಅಮ್ಮ ನನ್ನ ಸುರುಳಿಗಳನ್ನೆಲ್ಲ ಬಿಚ್ಚಿ ಬೆಂಚಿನ ಮೇಲೆ ಸುರಿದಳಂತೆ. ಮಗುವಿನ ಟೋಪಿ ಸಿಕ್ಕಿದ್ದು ನನ್ನ ಸಾಕ್ಸಿನ ಒಳಗೆ. ಜಾಗ ಉಳಿಸಲು ನಾನೇ ತುರುಕಿದ್ದು.

ಈಗ ನಗು ಬರುತ್ತದೆ. ಆವತ್ತು ಅಮ್ಮ ಅತ್ತಿದ್ದಳು ಅಂತ ಅಣ್ಣ ಆಮೇಲೆ ಹೇಳಿದ.

ಹಾಗಾಗಿ ಈ ಸಲ ತೆಗೆಯುವವರ ಕಣ್ಣಿನಲ್ಲಿ ನೋಡಿ ತುಂಬುತ್ತಿದ್ದೇನೆ. ಒಂದೇ ದೊಡ್ಡ ಚೀಲ ಬೇಡ ಅಂತ ತೀರ್ಮಾನ. ಮೊದಲನೆಯದು ಸಣ್ಣ ಬಟ್ಟೆ ಚೀಲ, ಲೇಬರ್ ರೂಮಿನ ಬಾಗಿಲಲ್ಲಿ ಕೇಳುವಂಥದ್ದು ಮಾತ್ರ ಅದರಲ್ಲಿ. ಮಗುವನ್ನು ಒರೆಸಲು ಮತ್ತು ಸುತ್ತಲು ನಾಲ್ಕು ಮೆತ್ತಗಿನ ಬಟ್ಟೆ, ಎರಡು ಟೋಪಿ, ಎದುರು ಕಟ್ಟುವ ಎರಡು ಜಬಲಾ, ಕಾಲುಚೀಲ, ಒಂದು ದಪ್ಪ ಟವೆಲು. ನನಗೆ ಒಂದು ನೈಟಿ, ದೊಡ್ಡ ಪ್ಯಾಡಿನ ಒಂದು ಕಟ್ಟು, ಹಳೇ ಒಳಉಡುಪು ಎರಡು. ಹತ್ತಿಯೂ ಉಂಟು, ಮೇಲೆಯೇ ಇಟ್ಟಿದ್ದೇನೆ. ಇಷ್ಟನ್ನು ಪಾರದರ್ಶಕ ಪ್ಲಾಸ್ಟಿಕ್ ಕವರುಗಳಲ್ಲಿ ಹಾಕಿ, ಕನ್ನಡದಲ್ಲಿ 'ಮಗು', 'ತಾಯಿ' ಅಂತ ಚೀಟಿ ಅಂಟಿಸಿದೆ. ಒಂದು ಕವರು ಹೊರಗೆ ತೆಗೆದು ಹಾಗೇ ಕೊಟ್ಟರೆ ಆಯಿತು.

ಎರಡನೆಯದು ವಾರ್ಡಿಗೆ. ಸಹಜ ಹೆರಿಗೆಯಾದರೆ ಎರಡು ದಿನ, ಸಿಸೇರಿಯನ್ ಆದರೆ ನಾಲ್ಕೈದು ದಿನ ಅಂತ ಇಟ್ಟುಕೊಂಡಿದ್ದೇನೆ. ಎದುರು ಜಿಪ್ ಇರುವ ನೈಟಿ ನಾಲ್ಕು. ಸೊಂಟದಲ್ಲಿ ದಾರ ಬಿಗಿಯುವಂಥದ್ದು ಬೇಡವೇ ಬೇಡ, ಹೊಲಿಗೆ ಬಿದ್ದರೆ ಸರಿಯಾಗಿ ಅದರ ಮೇಲೇ ಕೂರುತ್ತದೆ. ಒಳಉಡುಪು ಕಪ್ಪು ಬಣ್ಣದ್ದು, ಒಂದು ಅಳತೆ ದೊಡ್ಡದು, ಜಾಸ್ತಿಯೇ ಇರಲಿ. ಜಾರದ ರಬ್ಬರ್ ಚಪ್ಪಲಿ. ಮೊದಲ ಸಲ ಹೊಸ ಚಪ್ಪಲಿ ತೆಗೆದುಕೊಂಡು ಹೋಗಿ ಒದ್ದೆ ಬಾತ್‌ರೂಮಿನಲ್ಲಿ ಗೋಡೆ ಹಿಡಿದು ನಡೆದಿದ್ದೆ. ಬೆಲ್ಲ ಹಾಕಿದ ಎಳ್ಳುಂಡೆ ಒಂದು ಡಬ್ಬ, ರಾತ್ರಿ ಎರಡು ಗಂಟೆಗೆ ಹಾಲು ಕುಡಿಸಿದ ಮೇಲೆ ಬರುವ ಹಸಿವಿಗೆ. ಆ ಹಸಿವಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಮೂರನೆಯದು ನಿಲ್ಲುವವರದ್ದು. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಲ್ಲುವವರಿಗೆ ಬೈಸ್ಟ್ಯಾಂಡರ್ ಅನ್ನುತ್ತಾರೆ. ಆ ಪಾಪದವರಿಗೆ ಒಂದು ಚೀಲ ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಚಾಪೆ, ಬೆಡ್‌ಶೀಟು, ಫ್ಲಾಸ್ಕು, ಸ್ಟೀಲ್ ಲೋಟ, ತಟ್ಟೆ, ಚಮಚ, ಮೈ ಒರೆಸುವ ಬೈರಾಸು, ಬಕೆಟ್ಟು, ಮಗ್ಗು. ಉದ್ದ ವಯರಿನ ಚಾರ್ಜರ್. ಪ್ಲಗ್ ಪಾಯಿಂಟ್ ಯಾವಾಗಲೂ ಮಂಚದ ಆಚೆ ಬದಿಗೇ ಇರುವುದು. ಎರಡು ಸಾವಿರ ರೂಪಾಯಿ ನಗದು, ಸ್ವಲ್ಪ ಚಿಲ್ಲರೆ. ಎಲ್ಲ ಕಡೆ ಗೂಗಲ್ ಪೇ ಆಗುತ್ತದೆ ಅಂತ ಇವರು. ಮಳೆಗೆ ಕರೆಂಟು ಹೋಗಿ ನೆಟ್‌ವರ್ಕೂ ಹೋದಾಗ ಆಗುವುದಿಲ್ಲ.

ಅಮ್ಮನ ಜೊತೆ ಜಗಳ ಆದದ್ದು ಜೇನಿನ ಬಾಟಲಿಗೆ. ಮಗು ಹುಟ್ಟಿದ ಕೂಡಲೇ ನಾಲಗೆಗೆ ಒಂದು ಚೂರು ಮುಟ್ಟಿಸಬೇಕು ಅಂತ ಅವಳಿಗೆ. ತೋಟದ ಪೆಟ್ಟಿಗೆಯದ್ದೇ ಜೇನು, ಕಲಬೆರಕೆ ಇಲ್ಲ, ಅದು ನಿಜ. ಆದರೆ ಶುದ್ಧ ಜೇನಿನಲ್ಲೂ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡಬಹುದು, ಒಂದು ವರ್ಷ ತುಂಬುವವರೆಗೆ ಕೊಡಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆ ಹಳದಿ ಗಟ್ಟಿ ಹಾಲು, ಅದೇ ಸಾಕು. ಆರು ತಿಂಗಳವರೆಗೆ ನೀರೂ ಬೇಡ. ನಾನು ಬಾಟಲಿ ಹೊರಗಿಟ್ಟೆ. ಮಧ್ಯಾಹ್ನ ನೋಡಿದರೆ ಬೈರಾಸಿನೊಳಗೆ ಮತ್ತೆ ಕೂತಿದೆ. ಮತ್ತೆ ತೆಗೆದೆ. ಈಗ ಬಜೆಯ ತುಂಡೂ ಒಂದು ಸಿಕ್ಕಿತು. ಪೌಡರು, ಕಾಡಿಗೆಯನ್ನೂ ಮನೆಯಲ್ಲೇ ಬಿಟ್ಟೆ. ಸ್ನಾನವನ್ನು 24 ಗಂಟೆ ಆದ ಮೇಲೆ ಮಾಡಿಸುವುದು ಒಳ್ಳೆಯದು ಅನ್ನುವಾಗ ಇವೆಲ್ಲ ಅಲ್ಲಿ ಯಾರಿಗೆ? ಮನೆಗೆ ಬಂದ ಮೇಲೆ ಬಾಳಂತಿ ಲೇಹ್ಯ, ಬಿಸಿನೀರು, ತಲೆಗೆ ಬಟ್ಟೆ ಎಲ್ಲಕ್ಕೂ ಒಪ್ಪಿದ್ದೇನೆ. ಅಷ್ಟು ಒಪ್ಪಂದ ಬೇಕಲ್ಲ.

ಬಂಗಾರದ್ದು ಏನೂ ಇಲ್ಲ. ಬಳೆ, ಉಂಗುರ ಈಗಲೇ ತೆಗೆದೆ, ಬೆರಳು ಊದಿದ ಮೇಲೆ ಉಂಗುರಕ್ಕೆ ಸೋಪು ಹಚ್ಚಿ ಎಳೆಯುವ ಕಷ್ಟ ಗೊತ್ತಿದೆ. ಕರಿಮಣಿಗೆ ಒಂದು ಸಣ್ಣ ಪರ್ಸು. ಆಪರೇಷನ್ ಅಂತಾದರೆ ಅದನ್ನೂ ತೆಗೆಯಲು ಹೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಫೈಲು. ಈ ಸಲ ಕಾಸರಗೋಡು ಪೇಟೆಯಲ್ಲೇ ಅಂತ ತೀರ್ಮಾನ ಮಾಡಿದ್ದೇವೆ. ಮಂಗಳೂರಿಗೆ ಹತ್ತಿರ ಹತ್ತಿರ 50 ಕಿಲೋಮೀಟರು. ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿದಿಲ್ಲ, ಮಳೆಗೆ ಸರ್ವೀಸ್ ರೋಡೆಲ್ಲ ಕೆಸರು. ಎರಡನೇ ಹೆರಿಗೆ ಮೊದಲನೆಯದಕ್ಕಿಂತ ಬೇಗ ಆಗುವುದೇ ಜಾಸ್ತಿ. ಆದರೆ ಏನಾದರೂ ತೊಡಕಾಗಿ ಮಂಗಳೂರಿಗೆ ಕಳಿಸಿದರೆ ಅಲ್ಲಿನ ಡಾಕ್ಟರಿಗೂ ಎಲ್ಲ ಒಂದೇ ನೋಟಕ್ಕೆ ಸಿಗಬೇಕು. ಸ್ಕ್ಯಾನಿಂಗ್‌ಗಳು ತಾರೀಕಿನ ಕ್ರಮದಲ್ಲಿ, ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ ರಿಪೋರ್ಟು, ತಾಯಿ ಕಾರ್ಡು, ಇಬ್ಬರ ಆಧಾರ್, ಇನ್ಶೂರೆನ್ಸ್ ಕಾರ್ಡು, ಎಲ್ಲದರ ಎರಡೆರಡು ಜೆರಾಕ್ಸು. ಹುಟ್ಟಿದ ಮೇಲೆ ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಚುಚ್ಚುಮದ್ದು. ಎಲ್ಲ ಆ ಕಾರ್ಡಿನಲ್ಲೇ ಬರೆಯುವುದು, ಹಾಗಾಗಿ ಅದು ಮೇಲೆ.

ಇನ್ನೊಂದು ಚೀಟಿ ಉಂಟು, ಇದು ನಮ್ಮಂಥ ಗಡಿಯವರಿಗೆ ಮಾತ್ರ ಅರ್ಥವಾಗುವಂಥದ್ದು. ನನ್ನ ಹೆಸರು, ಇವರ ಹೆಸರು, ಮನೆಹೆಸರು, ವಿಳಾಸ ಎಲ್ಲವನ್ನೂ ಆಧಾರಿನಲ್ಲಿರುವ ಸ್ಪೆಲ್ಲಿಂಗಿನಂತೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಜನನ ನೋಂದಣಿ ಮಗು ಎಲ್ಲಿ ಹುಟ್ಟಿತೋ ಅಲ್ಲಿಯದ್ದು, 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಫಾರಂ ತುಂಬುವವರು ಕೇಳಿದಂತೆ ಬರೆಯುತ್ತಾರೆ. ನಮ್ಮ ಕನ್ನಡ ಹೆಸರು ಮಲಯಾಳದ ಕಿವಿಯಿಂದ ಇಂಗ್ಲಿಷಿಗೆ ಇಳಿಯುವಾಗ ಒಂದು ಎಚ್ ಸೇರುತ್ತದೆ, ಒಂದು ಎ ಬೀಳುತ್ತದೆ. ಮಗಳ ಸರ್ಟಿಫಿಕೇಟಿನಲ್ಲಿ ಇವರ ಹೆಸರು ಹಾಗೇ ಆಗಿ, ತಿದ್ದಿಸಲು ಆರು ಸಲ ಅಲೆದಿದ್ದೆವು. ಮಗುವಿನ ಹೆಸರಿಗೆ ಅವಸರ ಇಲ್ಲ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಪ್ಪ ಅಮ್ಮನ ಹೆಸರು ಮಾತ್ರ ಮೊದಲ ದಿನವೇ ಸರಿ ಇರಲಿ.

ಕಾರಿನ ಡಿಕ್ಕಿಯಲ್ಲಿ ಅಡಕೆ ಒಣಗಿಸುವ ಟರ್ಪಾಲಿನ ಒಂದು ತುಂಡು, ಹಳೇ ಬೆಡ್‌ಶೀಟು. ದಾರಿಯಲ್ಲಿ ನೀರು ಒಡೆದರೆ ಸೀಟಿಗೆ ಹಾಸಲು. ನೀರು ಹೋದರೆ, ರಕ್ತ ಕಂಡರೆ, ಮಗು ಅಲುಗಾಡುವುದು ಕಮ್ಮಿಯಾದರೆ ನೋವಿಗೆ ಕಾಯದೆ ಹೊರಡುವುದು ಅಂತ ಅಣ್ಣನಿಗೆ ಹೇಳಿಯಾಗಿದೆ. ಅವನು ರಾತ್ರಿ ಕಾರನ್ನು ಮುಖ ರಸ್ತೆಗೆ ಮಾಡಿ ನಿಲ್ಲಿಸುತ್ತಿದ್ದಾನೆ.

ಇವರು ಶುಕ್ರವಾರ ರಾತ್ರಿ ಹೊರಟು ಬಂದಿದ್ದರು. 25ರಿಂದ ರಜೆ, ಅಲ್ಲಿಯವರೆಗೆ ವಾರಕ್ಕೊಮ್ಮೆ. ಊಟ ಆದ ಮೇಲೆ ಪರೀಕ್ಷೆ ಇಟ್ಟೆ. ನಾನು ಕೋಣೆಯ ಬಾಗಿಲು ಅರ್ಧ ತೆರೆದು ನಿಂತೆ, ಇವರು ಚೀಲ ಹಿಡಿದು ಜಗಲಿಯಲ್ಲಿ. ಶಿವಮೊಗ್ಗದವರು, ಮಲಯಾಳ ಒಂದಕ್ಷರ ಬಾರದು. ಚೀಲದ ಹೊರ ಜೇಬಿನಲ್ಲಿ ಶಬ್ದಗಳ ಪಟ್ಟಿ ಬರೆದಿಟ್ಟಿದ್ದೆ.

"ತೊಪ್ಪಿ!" ಅಂದೆ.

"ಇದು ಗೊತ್ತಾಗುತ್ತೆ" ಅಂತ ಸರಿಯಾಗಿ ಕೊಟ್ಟರು.

"ಚೂಡು ವೆಳ್ಳಂ!"

ಪಟ್ಟಿ ನೋಡಿ, ಮೂರನೇ ಚೀಲ ತೆಗೆದು, ಫ್ಲಾಸ್ಕು ಎತ್ತಿದರು. ಪರವಾಗಿಲ್ಲ.

"ಪಞ್ಞಿ!"

ಅಡುಗೆಮನೆಯಿಂದ ಅಮ್ಮ, "ಅದು ಹಂದಿ ಅಲ್ಲ ಅಳಿಯಂದಿರೇ, ಹತ್ತಿ, ಹತ್ತಿ" ಅಂತ ಕೂಗಿದಳು. ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಎಲ್ಲರೂ ನಕ್ಕು ನನಗೆ ಹೊಟ್ಟೆ ಬಿಗಿ ಬಂತು, ಇವರು ಹೆದರಿ ಗಡಿಯಾರ ನೋಡಲು ಶುರು ಮಾಡಿದರು. ಹತ್ತು ನಿಮಿಷ ಎಡಗಡೆ ಮಗ್ಗುಲಾಗಿ ಮಲಗಿದೆ, ಹೋಯಿತು. ಸುಳ್ಳು ನೋವು.

ಮಗಳು ಅಷ್ಟೂ ಹೊತ್ತು ತನ್ನ ಕೊಡೆ ಹಿಡಿದು ನಿಂತಿದ್ದಳು. ಪಾಪುವಿಗೆ ಬರುವಾಗ ಮಳೆ ಅಲ್ವಾ, ಕೊಡೆ ಯಾಕೆ ಇಟ್ಟಿಲ್ಲ ಅಂತ ಪ್ರಶ್ನೆ. ಉತ್ತರ ಇರಲಿಲ್ಲ. 'ಮಗು' ಅಂತ ಚೀಟಿ ಅಂಟಿಸಿದ ಕವರು ಇರುವ ಚೀಲಕ್ಕೇ ಅವಳೇ ಸಿಕ್ಕಿಸಿದಳು. ಗುಲಾಬಿ ಹಿಡಿ ಹೊರಗೆ ಬಂದು ನಿಂತಿದೆ.

ಸಂಜೆ ಇವರನ್ನು ಅಣ್ಣ ಕಾಸರಗೋಡು ಸ್ಟೇಷನ್ನಿಗೆ ಬಿಟ್ಟು ಬಂದ. ಈಗ ಗಂಟೆ ಒಂಬತ್ತೂವರೆ. ಕೊನೆಗೊಮ್ಮೆ ಮೂರೂ ಚೀಲ ತೆಗೆದು ನೋಡಿದೆ. ಉದ್ದ ವಯರಿನ ಚಾರ್ಜರ್ ಇಲ್ಲ. ಫೋನ್ ಮಾಡಿದೆ.

"ಓ, ಅದು ಚೀಲದ್ದಾ?" ಅಂದರು. "ಮೇಜಿನ ಹತ್ತಿರ ಇತ್ತಲ್ಲ ಅಂತ..."

ರೈಲಿನಲ್ಲಿ ಪ್ಲಗ್ ಪಾಯಿಂಟ್ ಸೀಟಿನ ಆಚೆ ಬದಿಗೆ ಇತ್ತಂತೆ.