ಗೌರಿ ಹಬ್ಬದ ಲಕೋಟೆ

ಭಾದ್ರಪದ ಶುದ್ಧ ತದಿಗೆಗೆ ಇನ್ನೂ ಹದಿನೈದು ದಿನಗಳಿರುವಾಗಲೇ ಅಪ್ಪ ಅಂಚೆ ಕಚೇರಿಯಿಂದ ಮೂರು ಮನಿ ಆರ್ಡರ್ ಫಾರ್ಮುಗಳನ್ನು ತಂದು, ಮದ್ದೂರು, ಪಾಂಡವಪುರ ಮತ್ತು ತಿ. ನರಸೀಪುರದ ಕಡೆಗೆ ಮದುವೆಯಾಗಿ ಹೋಗಿದ್ದ ತಮ್ಮ ಮೂವರು ತಂಗಿಯರಿಗೆ ಗೌರಿ ಬಾಗಿನದ ಹಣ ಕಳುಹಿಸಲು ಕುಳಿತುಕೊಳ್ಳುತ್ತಿದ್ದರು. ನಾನು ಶಾಲೆಯಲ್ಲಿದ್ದ ಕಾಲಕ್ಕೆ ಅದು ತಲಾ 25 ರೂಪಾಯಿ. ಅವರ ಕೊನೆಯ ವರ್ಷಗಳಲ್ಲಿ 101 ಆಗಿತ್ತು. ಹಣ ಪಡೆದವರ ಕೈಯಲ್ಲೇ ಉಳಿಯುವಂತೆ ಆ ಫಾರ್ಮಿನಲ್ಲಿ ಒಂದು ಸಣ್ಣ ತುಂಡು ಇರುತ್ತಿತ್ತು. ಎರಡು ಮೂರು ಸಾಲುಗಳಿಗಷ್ಟೇ ಜಾಗವಿದ್ದ ಅದರಲ್ಲಿ ಅಪ್ಪ ಬರೆಯುತ್ತಿದ್ದುದು ಹೆಚ್ಚುಕಡಿಮೆ ಹೀಗೆ: ‘ಕುಶಲ. ಬಾಗಿನಕ್ಕೆ 25 ರೂ. ಕಳುಹಿಸಿದೆ. ಕಟ್ಟೆ ತುಂಬಿದೆ. ತಲುಪಿದ್ದಕ್ಕೆ ಕಾಗದ ಬರೆಯುವುದು.’

ಕಟ್ಟೆಯೆಂದರೆ ನಮ್ಮ ಕಡೆಯವರಿಗೆ ಕನ್ನಂಬಾಡಿ ಕಟ್ಟೆಯೇ. ಅದರ ನೀರಿನ ಮಟ್ಟ 124.80 ಅಡಿ ಮುಟ್ಟಿತೆಂದರೆ ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದ ಮದ್ದೂರಿನ ಅತ್ತೆಯ ಗದ್ದೆಗೆ ಆ ವರ್ಷ ಭತ್ತ ಖಚಿತವೆಂದು ಅಪ್ಪನಿಗೆ ಗೊತ್ತಿತ್ತು. ಆದ್ದರಿಂದಲೇ ಇದ್ದ ಅಷ್ಟು ಸಣ್ಣ ಜಾಗದಲ್ಲಿ ಅವರು ಆ ಎರಡು ಪದಗಳನ್ನು ಎಂದೂ ಬಿಡುತ್ತಿರಲಿಲ್ಲ. ಕೆಲವು ದಿನಗಳ ಮೇಲೆ, ಹಣ ಮುಟ್ಟಿತೆಂಬುದಕ್ಕೆ ಅತ್ತೆಯರು ಸಹಿ ಹಾಕಿದ ರಸೀದಿ ಅಂಚೆಯವನ ಕೈಯಲ್ಲಿ ಮರಳಿ ಬರುತ್ತಿತ್ತು. ಪಾಂಡವಪುರದ ಅತ್ತೆಗೆ ಓದುಬರಹ ಬಾರದಿದ್ದುದರಿಂದ ಅವರದು ಹೆಬ್ಬೆಟ್ಟಿನ ಗುರುತು. ಮೂರೂ ಬರುವವರೆಗೆ ಅಪ್ಪ ದಿನವೂ ಅಂಚೆಯವನ ದಾರಿ ಕಾಯುತ್ತಿದ್ದರು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಆ ಇಲಾಖೆ ಮನಿ ಆರ್ಡರ್ ಆರಂಭಿಸಿದ್ದು 1880ರಲ್ಲಿ. ಆದರೆ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಅದು ಇಲಾಖೆಯ ಸೇವೆ ಎನಿಸಿರಲಿಕ್ಕಿಲ್ಲ. ಹಬ್ಬಕ್ಕೆ ಮುಂಚೆ ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗಿದನೆಂದರೆ ತವರು ನೆನೆಸಿಕೊಂಡಿದೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂದಿತು. ಆ ಹೊತ್ತಿಗೆ ಹಳೆಯ ಕಾಗದದ ಫಾರ್ಮುಗಳೂ ಇರಲಿಲ್ಲ. ಮೊದಲ ವರ್ಷ ನಾನು ಮೂರು ಮನೆಗಳಿಗೂ ತಲಾ 500 ರೂಪಾಯಿಯನ್ನು ಫೋನಿನಿಂದಲೇ ಕಳುಹಿಸಿ, ಕರ್ತವ್ಯ ಮುಗಿಯಿತೆಂದು ಭಾವಿಸಿದೆ. ಹಬ್ಬದ ದಿನ ಮದ್ದೂರಿನ ಅತ್ತೆಗೆ ಕರೆ ಮಾಡಿದಾಗ ಅವರು ಹೇಳಿದ್ದು, “ದುಡ್ಡು ಬಂತಂತೆ ಕಣಪ್ಪ, ಮೊಮ್ಮಗ ಹೇಳ್ದ.” ಆ ‘ಬಂತಂತೆ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಹಣ ಮೊಮ್ಮಗನ ಖಾತೆಗೆ ಸೇರಿತ್ತು. ಅತ್ತೆಯ ಕೈಗೆ ಏನೂ ಬಂದಿರಲಿಲ್ಲ, ಪೂಜೆಯಲ್ಲಿ ಗೌರಮ್ಮನ ಮುಂದೆ ಇಡಲು ತವರಿನದೆಂಬ ಒಂದು ಅರಿಶಿನದ ಕೊನೆಯೂ ಇರಲಿಲ್ಲ.

ಮರುವರ್ಷದಿಂದ ಲಕೋಟೆ ಕಳುಹಿಸುತ್ತಿದ್ದೇನೆ. ಒಂದು ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ, ಒಂದು ಸಣ್ಣ ಕನ್ನಡಿ, ಬಾಚಣಿಗೆ, ಜೊತೆಗೆ ಕೈಯಲ್ಲಿ ಬರೆದ ಒಂದು ಪುಟದ ಕಾಗದ. ಮೊದಲ ಸಲ ಕುಂಕುಮವನ್ನು ಬರೀ ಕಾಗದದಲ್ಲಿ ಕಟ್ಟಿದ್ದರಿಂದ ಅದು ದಾರಿಯಲ್ಲೇ ಒಡೆದು ಕಣಕ್ಕೆಲ್ಲ ಮೆತ್ತಿಕೊಂಡಿತ್ತು. ಈಗ ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿಗೆ ಟೇಪು ಅಂಟಿಸುತ್ತೇನೆ. ಕನ್ನಡಿಯನ್ನು ಕಣದ ಮಡಿಕೆಯ ನಡುವೆ ಇಟ್ಟರೆ ಒಡೆಯುವುದಿಲ್ಲ. ಗಾಜಿನ ಬಳೆ ಮಾತ್ರ ಎಷ್ಟು ಜೋಪಾನ ಮಾಡಿದರೂ ಉಳಿಯಲಿಲ್ಲವಾದ್ದರಿಂದ, ಬಳೆ ತೊಡಿಸಿಕೊಳ್ಳಿರೆಂದು ಕಾಗದದಲ್ಲಿ ಬರೆದು ಆ ಹಣವನ್ನು ಫೋನಿನಲ್ಲಿ ಕಳುಹಿಸುತ್ತೇನೆ. ಸಾಮಾನ್ಯ ಲಕೋಟೆಯಲ್ಲಿ ನೋಟು ಇಡುವುದು ಅಂಚೆ ನಿಯಮಕ್ಕೆ ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನವಾಗಿರುವುದರಿಂದ ಈಗ ಅದರಲ್ಲೇ ಕಳುಹಿಸಬೇಕು. ಬೇಗ ತಲುಪುತ್ತದೆಂಬ ಧೈರ್ಯವಿದ್ದರೂ ನಾನು ಹತ್ತು ದಿನ ಮುಂಚೆಯೇ ಹಾಕುತ್ತೇನೆ, ಏಕೆಂದರೆ ಹಬ್ಬದ ಮರುದಿನ ಮುಟ್ಟಿದ ಬಾಗಿನ ಬಾಗಿನವಲ್ಲ.

ಹೆಚ್ಚು ಬೆಲೆಯದನ್ನು ಕಳುಹಿಸಬಾರದೇ ಎಂದು ಮನೆಯಲ್ಲಿ ಕೇಳಿದ್ದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಮದುವೆ ಮನೆಗಳಲ್ಲಿ ಮುಯ್ಯಿ ಮಾಡುವಾಗ ಒಬ್ಬರು ಪುಸ್ತಕ ಹಿಡಿದು ಕುಳಿತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ; ಅಷ್ಟನ್ನೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚನ್ನೋ ಮುಂದೆ ಅವರ ಮನೆಯ ಕಾರ್ಯದಲ್ಲಿ ತೀರಿಸಬೇಕು. ಕಷ್ಟದಲ್ಲಿ ಮದುವೆ ಮಾಡುವವರಿಗೆ ಅದು ದೊಡ್ಡ ಆಸರೆಯೆಂಬುದನ್ನು ಬಲ್ಲೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಎಪ್ಪತ್ತು ದಾಟಿದ ಅತ್ತೆಯರ ಮನಸ್ಸಿನಲ್ಲಿ ನಾನು ಮತ್ತೊಂದು ಮುಯ್ಯಿ ಪುಸ್ತಕ ತೆರೆಯಲಾರೆ. ಒಂದು ಕಣದ ಸಾಲವನ್ನು ಯಾರೂ ಲೆಕ್ಕವಿಡುವುದಿಲ್ಲ. ಅವರು ಕೊಡುವುದಿದ್ದರೆ, ನಾನು ಹೋದಾಗ ಖಾಲಿ ಡಬ್ಬಿಯನ್ನು ಹಾಗೆಯೇ ಹಿಂದಿರುಗಿಸಬಾರದೆಂದು ಅದರಲ್ಲಿ ಒಂದು ಹಿಡಿ ಅವರೆಕಾಳನ್ನೋ ಬೆಲ್ಲದ ತುಂಡನ್ನೋ ಹಾಕಿಕೊಡುತ್ತಾರೆ.

ಗೆಳೆಯರಿಗೆ ಸಂಕ್ರಾಂತಿಯಲ್ಲಿ 50 ಪೈಸೆಯ ಅಂಚೆ ಕಾರ್ಡು ಬರೆಯುತ್ತೇನೆ. ಹಿಂದೆ ಆ ಹಬ್ಬಕ್ಕೆ ನಾವೆಲ್ಲ ಬಣ್ಣದ ಗ್ರೀಟಿಂಗ್ಸ್ ಕೊಂಡು ಹಂಚಿಕೊಳ್ಳುತ್ತಿದ್ದೆವು. ಈಗ ಕಾರ್ಡಿನ ಮೂಲೆಯಲ್ಲಿ ನಾನೇ ಒಂದು ಕಬ್ಬಿನ ಜಲ್ಲೆ ಬಿಡಿಸುತ್ತೇನೆ.

ಕಳೆದ ವರ್ಷದ ಕಾಗದದಲ್ಲಿ ಅಪ್ಪನಂತೆಯೇ ಕಟ್ಟೆಯ ಮಟ್ಟವನ್ನು ಬರೆದಿದ್ದೆ. ಹಬ್ಬ ಕಳೆದು ವಾರಕ್ಕೆ ಮದ್ದೂರಿನ ಅತ್ತೆಯ ಅಕ್ಷರದಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. ನಾಲೆಯಲ್ಲಿ ನೀರು ಹರಿಯುತ್ತಿದೆ, ನಾಟಿ ಮುಗಿಯಿತು, ಮಂಡಿನೋವು ಹಾಗೆಯೇ ಇದೆ ಎಂದೆಲ್ಲ ಬರೆದು, ಕೊನೆಗೆ ಅಂಚಿನ ಜಾಗದಲ್ಲಿ ಒಂದು ಸಾಲು ಸೇರಿಸಿದ್ದರು: ‘ಕೆಂಪು ಕಣ ಮೂರಾದವು, ಮುಂದಿನ ಗೌರಿಗೆ ಹಸಿರು ಕಳಿಸು.’ ಸಂತೇಪೇಟೆಗೆ ಹೋಗಿ ಗಿಳಿಹಸಿರಿನದೊಂದನ್ನು ತಂದಿಟ್ಟಿದ್ದೇನೆ.