ಪ್ಯಾಕೆಟ್ ಮೇಲೆ ಬರೆದಿದ್ದನ್ನು ನಂಬಿದ ನಾನು

ಭಾನುವಾರ ಬೆಳಿಗ್ಗೆ 6:40ಕ್ಕೆ, ನಾನು ನೋಡಿಕೊಳ್ಳುವ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಆಪರೇಟರ್ ಫೋನ್ ಮಾಡಿದರೆ ಒಳ್ಳೆ ಸುದ್ದಿ ಇರುವುದಿಲ್ಲ.

"ಸಾರ್, ರಾ ಸೀವೇಜ್ ಪಂಪ್ ಟ್ರಿಪ್ ಆಗಿದೆ. ಹೈ ಲೆವೆಲ್ ಅಲಾರಂ ಹೊಡ್ಕೋತಾ ಇದೆ."

"ರೀಸೆಟ್ ಮಾಡಪ್ಪಾ" ಅಂದೆ. ಮತ್ತೆ ಟ್ರಿಪ್. "ಇನ್ನೊಂದ್ಸಲ ಮಾಡು" ಅಂದೆ. ಮೋಟರಿಗೆ ಹೊರೆ ಜಾಸ್ತಿಯಾದರೆ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇ ಸುಮ್ನೆ ಬೀಳುವುದಿಲ್ಲ, ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗೆ ಏನೋ ಸಿಕ್ಕಿಕೊಂಡಿದೆ ಅಂತ ಹದಿನಾಲ್ಕು ವರ್ಷ ಈ ಕೆಲಸ ಮಾಡಿದವನಿಗೆ ಹೊಳೆಯಬೇಕಿತ್ತು. ಮೂರನೇ ಸಲಕ್ಕೆ ಎಂಸಿಬಿ ಬಿತ್ತು. ಮೋಟರಿನ ವೈಂಡಿಂಗ್ ಸುಟ್ಟು ಹೋಯ್ತು.

ಸ್ಟ್ಯಾಂಡ್‌ಬೈ ಪಂಪ್? ಮೂರು ವಾರದಿಂದ ರೀವೈಂಡಿಂಗ್ ಅಂಗಡಿಯಲ್ಲಿ ಕೂತಿತ್ತು. ಕಮಿಟಿ ಬಿಲ್ ಪಾಸ್ ಮಾಡಿರಲಿಲ್ಲ. ಅದೇ ತಿಂಗಳು ಲಾಬಿಗೆ ಹೊಸ ಸೋಫಾ ಬಂತು. ಇರಲಿ.

ನಾನು ತಲುಪಿದಾಗ ಕೊಳಚೆ ನೀರು ಚೇಂಬರ್ ಮುಚ್ಚಳ ಮುಟ್ಟಲು ಒಂದು ಗೇಣು ಬಾಕಿ. ಭಾನುವಾರ ಬೇರೆ, ಇನ್ನೂರು ಮನೆಯಲ್ಲೂ ತಲೆಸ್ನಾನ, ವಾಷಿಂಗ್ ಮೆಷಿನ್. ಪಂಪ್ ಎತ್ತೋಣ ಅಂದರೆ ಚೈನ್ ತುಕ್ಕು ಹಿಡಿದು ಅಲುಗಾಡಲಿಲ್ಲ. ಆಪರೇಟರ್ ಹುಡುಗ ಚಪ್ಪಲಿ ಬಿಟ್ಟು ಪ್ಯಾಂಟ್ ಮಡಚಿದ. "ಎರಡೇ ನಿಮಿಷ ಸಾರ್, ಏಣಿ ಮೇಲೆ ನಿಂತು ಬಿಡಿಸಿಬಿಡ್ತೀನಿ."

ನಾನು ತಕ್ಷಣ ಬೇಡ ಅನ್ನಲಿಲ್ಲ. ಏರುತ್ತಿದ್ದ ನೀರು ನೋಡಿದೆ. ಫೋನಿನಲ್ಲಿ ಸೆಕ್ರೆಟರಿಯವರ ನಾಲ್ಕು ಮಿಸ್ಡ್ ಕಾಲ್ ನೋಡಿದೆ. ಅವನ ಒಂದು ಕಾಲು ಏಣಿ ಮೇಲೆ ಹೋದಾಗ ತೋಳು ಹಿಡಿದು ಎಳೆದೆ. ಆ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ಇರುತ್ತದೆ. ಅದು ಜಾಸ್ತಿಯಾದರೆ ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ. ಸುರಕ್ಷತೆಯಿಲ್ಲದೆ ಕೊಳಚೆ ಟ್ಯಾಂಕಿಗೆ ಜನರನ್ನು ಇಳಿಸಬಾರದು ಅನ್ನುವ 2013ರ ಕಾನೂನೂ ನನಗೆ ಗೊತ್ತು, ಟ್ರೈನಿಂಗ್ ಕೊಟ್ಟವನೂ ನಾನೇ. ಆದರೂ ಅಷ್ಟು ಹೊತ್ತು ಬಾಯಿ ಬಿಡಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಎಂಟೂವರೆಗೆ ಸಕ್ಕಿಂಗ್ ಲಾರಿ ಬಂತು. ಅಷ್ಟರಲ್ಲಿ ಬೇಸ್‌ಮೆಂಟಿನಲ್ಲಿ ನಾಲ್ಕು ಕಾರಿನ ಟೈರ್ ಒದ್ದೆಯಾಗಿತ್ತು. ನೀರು ಇಳಿದ ಮೇಲೆ ಚೈನ್ ಪುಲ್ಲಿ ತಂದು ಪಂಪ್ ಎತ್ತಿದೆವು. ಇಂಪೆಲ್ಲರ್ ಸುತ್ತ ಮೊಳದುದ್ದದ ಜಡೆ. ತಲೆಕೂದಲು, ಅಡುಗೆ ಎಣ್ಣೆಯ ಜಿಡ್ಡು, ನಡುವೆ ಹುರಿಗೊಂಡ ವೈಪ್ಸ್, ಅಂದರೆ ಒರೆಸಿ ಬಿಸಾಡುವ ಒದ್ದೆ ಬಟ್ಟೆ. ಅದು ಉದ್ದಕ್ಕೆ ಜಾರಿ ಕಸ ತಡೆಯುವ ಬಾರ್ ಸ್ಕ್ರೀನ್ ದಾಟಿಬಿಡುತ್ತದೆ, ಒಳಗೆ ಹೋಗಿ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಕತ್ತರಿಗೆ ಬಗ್ಗಲಿಲ್ಲ, ಹ್ಯಾಕ್ಸಾ ಬ್ಲೇಡೇ ಬೇಕಾಯ್ತು.

ಒಂದನ್ನು ಬಿಡಿಸಿ ನಲ್ಲಿ ಕೆಳಗೆ ತೊಳೆದೆ. ಎಲೆ ಡಿಸೈನ್ ಅಚ್ಚಳಿಯದೆ ಹಾಗೇ ಇತ್ತು. ಆ ಡಿಸೈನ್ ನನಗೆ ಗೊತ್ತು! ಎರಡು ತಿಂಗಳ ಹಿಂದೆ 1204ರ ಮೇಡಂ ಪ್ಯಾಕೆಟ್ ತೋರಿಸಿ "ಇದನ್ನ ಕಮೋಡಿಗೆ ಹಾಕಬಹುದಾ?" ಅಂತ ಕೇಳಿದ್ದರು. "ಫ್ಲಶಬಲ್ ಅಂತ ಬರೆದಿದೆಯಲ್ಲ ಮೇಡಂ, ತೊಂದರೆ ಇಲ್ಲ" ಅಂದಿದ್ದೆ. ಅವರು ಅದನ್ನು ನನ್ನ ಹೆಸರು ಹಾಕಿ ವಾಟ್ಸಾಪ್ ಗ್ರೂಪಿಗೂ ಕಳಿಸಿದ್ದರು.

ಮಧ್ಯಾಹ್ನ ನೀರು ತುಂಬಿದ ಮೂರು ಬಾಟಲಿ ಇಟ್ಟುಕೊಂಡು, ಒಂದೊಂದರಲ್ಲಿ ಒಂದೊಂದು ಹಾಕಿ ಕುಲುಕಿದೆ. ಟಾಯ್ಲೆಟ್ ಪೇಪರ್ ಹತ್ತು ಸಲ ಕುಲುಕುವಷ್ಟರಲ್ಲಿ ಗಂಜಿ. ಫ್ಲಶಬಲ್ ವೈಪ್ ಅಂಚಿನಲ್ಲಿ ನೂಲು ಬಿಟ್ಟಿತು, ಅಷ್ಟೇ. ಬೇಬಿ ವೈಪ್ ಹಿಂಡಿ ಮೇಜು ಒರೆಸಿದೆ. ಯೋಚನೆ ಮಾಡಿದರೆ ಸರಳ. ಪ್ಯಾಕೆಟ್ಟಿನಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿ ಕೂತರೂ ಹರಿಯದ್ದು ಕಮೋಡಿಗೆ ಬಿದ್ದ ಕೂಡಲೇ ಕರಗಬೇಕಾ? ವೈಪ್ಸ್ ಕಂಪನಿಗಳ ಸಂಘದ ಟೆಸ್ಟಿನಲ್ಲಿ ನೀರಿನ ಪೆಟ್ಟಿಗೆಯೊಳಗೆ ಒಂದು ಗಂಟೆ ತೂಗಾಡಿಸುತ್ತಾರೆ. ಆಮೇಲೆ 12.5 ಮಿಮೀ ಜರಡಿಯಲ್ಲಿ 60% ದಾಟಿದರೆ ಪಾಸು. ನಮ್ಮಲ್ಲಿ ಹನ್ನೆರಡನೇ ಮಹಡಿಯಿಂದ ಟ್ಯಾಂಕಿಗೆ ಬರಲು ನಿಮಿಷಗಳು ಸಾಕು. 2019ರಲ್ಲಿ ಕೆನಡಾದ ಟೊರೊಂಟೊದ ಯೂನಿವರ್ಸಿಟಿಯೊಂದು ಫ್ಲಶಬಲ್ ಅಂತ ಮಾರುವ 23 ಸಾಮಾನು ಪರೀಕ್ಷಿಸಿತ್ತು. ಅರೆಬರೆ ಬಿಡಿಬಿಡಿಯಾಗಿದ್ದು ಬರೀ ಎರಡು. ಇದನ್ನೆಲ್ಲ ಮೊದಲೇ ಓದಬಹುದಿತ್ತು, ಅಲ್ವಾ?

ಕಮಿಟಿ ಮೀಟಿಂಗಿನಲ್ಲಿ "ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಕೊಟ್ಟ ಮೇಲೂ ಪಂಪ್ ಯಾಕೆ ಹೋಯ್ತು?" ಅಂತ ಕೇಳಿದರು. ಬಾಟಲಿಗಳನ್ನು ತೋರಿಸಿ, ತಪ್ಪು ಹೇಳಿದ್ದು ನಾನೇ ಅಂದೆ. ಸಿಕ್ಕಿದ್ದನ್ನು ಕತ್ತರಿಸುವ ಕಟರ್ ಪಂಪಿನ ಕೊಟೇಷನ್ ಮುಂದಿನ ಮೀಟಿಂಗಿಗೆ ಹೋಯ್ತು. ಹೊಸ ಚೈನಿಗೆ ಮಾತ್ರ ಅಲ್ಲೇ ಸಹಿ ಹಾಕಿಸಿಕೊಂಡೆ.

ಮೊನ್ನೆ ಲಿಫ್ಟಿನಲ್ಲಿ 1204ರ ಮೇಡಂ ಸಿಕ್ಕಿದರು. "ಈಗ ಬಿದಿರಿನ ವೈಪ್ಸ್ ತರಿಸಿದ್ದೀನಿ. ಮಣ್ಣಲ್ಲಿ ಮೂರು ತಿಂಗಳಿಗೆ ಕೊಳೆತು ಹೋಗುತ್ತಂತೆ. ಇದನ್ನ ಹಾಕಬಹುದಲ್ವಾ?"

"ಡಸ್ಟ್‌ಬಿನ್ನಿಗೆ ಹಾಕಬಹುದು ಮೇಡಂ" ಅಂದೆ.